ರಾಗಿಹಿಟ್ಟಿನ ಡಬ್ಬದಲ್ಲಿ ಇಪ್ಪತ್ತೈದು ಒಡವೆ

ನನಗೆ ಎಣಿಸುವ ಚಟವಿದೆ. ಎಲೆಅಡಿಕೆ, ಕಾಫಿಯ ಹಾಗೆ ಇದೂ ಒಂದು ಚಟವೇ. ಖರ್ಚಿಲ್ಲದ್ದಾದ್ದರಿಂದ ಮನೆಯಲ್ಲಿ ಯಾರೂ ಬಿಡಿಸಲು ಹೋಗಲಿಲ್ಲ, ಅಷ್ಟೆ. ಎಂಟನೇ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ಬೇರೆ ಹುಡುಗಿಯರ ಡೈರಿಯಲ್ಲಿ ಗುಟ್ಟುಗಳಿರುತ್ತವಂತೆ. ನನ್ನದರಲ್ಲಿ ಇರುವುದು ಬರೀ ಲೆಕ್ಕ. ನಂಜನಗೂಡಿನ ನಮ್ಮ ಬೀದಿಯಲ್ಲಿ ಎಷ್ಟು ಮನೆ, ಅದರಲ್ಲಿ ಎಷ್ಟು ಮನೆಗೆ ಫೋನು, ಒಂದು ಗೊನೆ ರಸಬಾಳೆಯಲ್ಲಿ ಎಷ್ಟು ಹಣ್ಣು, ಅದರಲ್ಲಿ ಅಪ್ಪ ಯಾರಿಗೂ ಹೇಳದೆ ತಿಂದದ್ದು ಎಷ್ಟು. ಗೆಳತಿಯೊಬ್ಬಳು ಒಮ್ಮೆ ಅದನ್ನು ಕದ್ದು ಓದಿ, ಎರಡನೇ ಪುಟಕ್ಕೇ ಆಕಳಿಸಿ, ಅವತ್ತು ಸಂಜೆಯೇ ತಂದುಕೊಟ್ಟಳು. ಅಂದಿನಿಂದ ಅದನ್ನು ಬಚ್ಚಿಡುವುದನ್ನೂ ಬಿಟ್ಟೆ.

ಇಂಥವರಿಗೆ ಸಣ್ಣದೊಂದು ಜವಾಬ್ದಾರಿ ಸಿಕ್ಕರೂ ತಲೆ ನಿಲ್ಲುವುದಿಲ್ಲ. ೧೯೯೯ರ ಮೇ ತಿಂಗಳಲ್ಲಿ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಟಿ. ನರಸೀಪುರಕ್ಕೆ ವರ್ಗವಾಯಿತು. ಮನೆಯಲ್ಲಿ ನಾವು ನಾಲ್ಕು ಜನ: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ದೇವನೂರಿನ ಅಜ್ಜಿ, ಮತ್ತು ಬಿ.ಕಾಂ. ಓದುತ್ತಿದ್ದ ನಾನು. ಸಾಮಾನಿನ ಪಟ್ಟಿ ಮಾಡುವ ಕೆಲಸ ಯಾರೂ ಹೇಳದೆ ನನ್ನ ಪಾಲಿಗೆ ಬಂತು. ಗಂಟು, ಪೆಟ್ಟಿಗೆ, ಪಾತ್ರೆ ಎಲ್ಲ ಸೇರಿ ಅರವತ್ತಮೂರು ಎಂದು ಬರೆದೆ. ಹಳೆ ಮನೆಯ ಪೊರಕೆಯನ್ನು ಹೊಸ ಮನೆಗೆ ಒಯ್ಯಬಾರದೆಂದು ಅಜ್ಜಿ ಅದನ್ನು ಕಿತ್ತುಕೊಂಡಿದ್ದರಿಂದ ಅರವತ್ತೆರಡು ಎಂದು ತಿದ್ದಿದೆ. ಇಷ್ಟು ಅಚ್ಚುಕಟ್ಟಾದ ಪಟ್ಟಿಯನ್ನು ನೋಡಿ ಅಪ್ಪನಿಗೆ ಏನನ್ನಿಸಿತೋ, ಒಡವೆ ಕಟ್ಟುವ ಕೆಲಸವನ್ನೂ ನನಗೇ ಒಪ್ಪಿಸಿಬಿಟ್ಟರು.

ಒಡವೆ ಎಂದರೆ ಭಾರೀ ಏನಲ್ಲ. ಅಮ್ಮನ ಎರಡೆಳೆ ಸರ, ಒಂದು ನೆಕ್ಲೆಸ್ಸು, ನಾಲ್ಕು ಬಳೆ, ವಾಲೆ, ಜುಮುಕಿ, ಉಂಗುರ. ಅಜ್ಜಿಯ ಗುಂಡಿನ ಸರ ಮತ್ತು ಬುಗುಡಿ. ನನ್ನದೊಂದು ಚೈನು, ಹ್ಯಾಂಗಿಂಗ್ಸು, ಕೂಸಾಗಿದ್ದಾಗಿನ ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ. ಅಪ್ಪ ಮದುವೆಯಲ್ಲಿ ಹಾಕಿಸಿಕೊಂಡು ಈಗ ಕಿರುಬೆರಳಿಗೂ ಏರದ ಒಂದು ಉಂಗುರ. ಮೈಮೇಲಿರುವ ತಾಳಿ, ಕಾಲುಂಗುರ ಲೆಕ್ಕಕ್ಕಿಲ್ಲ. ಹತ್ತು ನಿಮಿಷದ ಕೆಲಸ. ಆದರೆ ಜೋಡಿ ಒಡವೆಯನ್ನು ಒಂದೆಂದು ಎಣಿಸಬೇಕೋ ಎರಡೆಂದೋ ಎಂಬಲ್ಲಿ ತೊಡಕು ಶುರುವಾಯಿತು. ಒಂದೆಂದು ಹಿಡಿದರೆ ಹದಿನಾರು, ಎರಡೆಂದು ಹಿಡಿದರೆ ಇಪ್ಪತ್ತೊಂದು. ಕಳೆಯುವಾಗ ಒಂದು ಕಿವಿಯದೇ ಕಳೆಯುವುದು, ಆದ್ದರಿಂದ ಎರಡೇ ಸರಿ ಎಂದು ಅಮ್ಮ ತೀರ್ಪು ಕೊಟ್ಟಳು. ಅದಕ್ಕೂ ಅಜ್ಜಿ ಒಪ್ಪಲಿಲ್ಲ. ವಾಲೆ, ಬುಗುಡಿಗಳ ತಿರುಪುಗಳನ್ನು ನಾನು ಬಿಟ್ಟೇಬಿಟ್ಟಿದ್ದೆನಂತೆ.

"ತಿರುಪು ಇಲ್ದೆ ವಾಲೆ ಕಿವೀಲಿ ನಿಂತ್ಕಂಡದಾ ಮಗಾ? ಅದೂ ಚಿನ್ನವೇ ಕಣ. ಎಣ್ಸು" ಎಂದರು.

ಎಣಿಸಿದೆ. ನಾಲ್ಕು ತಿರುಪು ಸೇರಿ ಇಪ್ಪತ್ತೈದಾಯಿತು. ಕೆಂಪು ಶಾಯಿಯಲ್ಲಿ ಕೆಳಗೆರೆ ಎಳೆದೆ.

ನನ್ನ ಕಟ್ಟುವ ಕ್ರಮವನ್ನು ಸ್ವಲ್ಪ ಹೇಳಬೇಕು. ಆಮೇಲೆ ಆದದ್ದನ್ನು ನೋಡಿದರೆ ಹೇಳಲು ಇನ್ನೊಂದು ಅವಕಾಶ ಸಿಗುವಂತೆ ಕಾಣುವುದಿಲ್ಲ. ಸರಗಳನ್ನು ಹಾಗೇ ಮಡಿಸಿದರೆ ಸಿಕ್ಕು ಬೀಳುತ್ತವೆ. ಆದ್ದರಿಂದ ಉದ್ದಕ್ಕೆ ಹತ್ತಿ ಹಾಸಿ, ಮೇಲೆ ಸರ ಮಲಗಿಸಿ, ಚಾಪೆಯ ಹಾಗೆ ಸುತ್ತಿದೆ. ಎಲ್ಲಕ್ಕೂ ಅಕ್ಕಸಾಲಿಗರ ಗುಲಾಬಿ ಕಾಗದ. ಫೋಟೋ ಸ್ಟುಡಿಯೋದವರನ್ನು ಕೇಳಿ ಫಿಲಂ ರೋಲಿನ ಖಾಲಿ ಡಬ್ಬಿಗಳನ್ನು ತಂದಿದ್ದೆ. ಮುಚ್ಚಳ ಬಿಗಿ, ನೀರು ಹೋಗದು, ಇರುವೆ ನುಗ್ಗದು. ಇರುವೆಗೆ ಚಿನ್ನ ಯಾಕೆ ಬೇಕೆಂದು ಅಪ್ಪ ಕೇಳಿದರು. ಅಂಥ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಹತ್ತು ಡಬ್ಬಿಗೆ ನಂಬರು ಅಂಟಿಸಿದೆ. ಬಳೆಗಳು ಡಬ್ಬಿಗೆ ಹಿಡಿಯದ್ದರಿಂದ ಅಪ್ಪನ ಒಗೆದ ಕಾಲುಚೀಲವೊಂದಕ್ಕೆ ತುಂಬಿ ಹನ್ನೊಂದು ಎಂದು ಬರೆದೆ.

ಇನ್ನು ಇವನ್ನು ಎಲ್ಲಿಡುವುದು? ಬಸ್ಸಿನಲ್ಲಿ ಜೇಬುಗಳ್ಳರ ಕಾಟ, ಸಾಮಾನಿನ ಜೊತೆ ಲಾರಿಯಲ್ಲೇ ಹೋಗಲಿ, ಡ್ರೈವರ್ ಪಕ್ಕದಲ್ಲಿ ತಾನೇ ಕೂರುತ್ತೇನೆ ಎಂದು ಅಪ್ಪ ಅಂದರು. ಲಾರಿಯಲ್ಲಿ ಕಳ್ಳ ಮುಟ್ಟದ ಜಾಗ ಯಾವುದೆಂದು ಚರ್ಚೆಯಾಯಿತು. ಇಂಥ ಚರ್ಚೆಯಲ್ಲಿ ಪ್ರತಿಯೊಬ್ಬರೂ ಕಳ್ಳನನ್ನು ತಮ್ಮ ಹಾಗೇ ಊಹಿಸಿಕೊಳ್ಳುತ್ತಾರೆಂಬುದನ್ನು ನಾನು ಗಮನಿಸಿದ್ದೇನೆ. ಅಪ್ಪನ ಕಳ್ಳ ಕಾಗದಪತ್ರ ಮುಟ್ಟುವುದಿಲ್ಲ. ಅಮ್ಮನ ಕಳ್ಳ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡುತ್ತಾನೆ. ನನ್ನ ಕಳ್ಳನಿಗೆ ಕೈಗೆ ಹಿಟ್ಟು ಮೆತ್ತಿಕೊಳ್ಳುವುದು ಹಿಡಿಸದು. ಆದ್ದರಿಂದ ರಾಗಿಹಿಟ್ಟಿನ ಡಬ್ಬ ಎಂದೆ. ಕಳ್ಳನಿಗೂ ಹೊಟ್ಟೆಯಿಲ್ಲವೇ, ಮೊದಲು ಎತ್ತುವುದು ಹಿಟ್ಟಿನ ಡಬ್ಬವನ್ನೇ ಎಂದು ಅಜ್ಜಿ ಗೊಣಗಿದರು. ಪಟ್ಟಿ ನನ್ನ ಕೈಯಲ್ಲಿತ್ತು, ಹಾಗಾಗಿ ಮಾತೂ ನನ್ನದೇ ನಡೆಯಿತು. ಹನ್ನೊಂದನ್ನೂ ಹಿಟ್ಟಿನೊಳಗೆ ಹೂತು, ಮೇಲೆ ಮಟ್ಟ ಮಾಡಿ, ಕೈ ತೊಳೆದುಕೊಂಡೆ.

ಭಾನುವಾರ ಬೆಳಿಗ್ಗೆ ಲಾರಿ ಹೊರಟಿತು. ನಾವು ಮೂವರು ಹೆಂಗಸರು ಬಸ್ಸು ಹತ್ತಿದೆವು. ಅಜ್ಜಿ ದಾರಿಯುದ್ದಕ್ಕೂ ಎಲೆಅಡಿಕೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅದರೊಳಗೆ ಕೈ ಹಾಕಿ, ತುಟಿ ಅಲ್ಲಾಡಿಸುತ್ತಿದ್ದರು. ಊರು ಬಿಟ್ಟ ಸಂಕಟಕ್ಕೆ ನಂಜುಂಡೇಶ್ವರನನ್ನು ನೆನೆಯುತ್ತಿದ್ದಾರೆಂದು ನಾನು ಕಣ್ಣಲ್ಲಿ ನೀರು ತಂದುಕೊಂಡೆ. ಡೈರಿಯಲ್ಲಿ ಹಾಗೇ ಬರೆದಿದ್ದೇನೆ.

ನರಸೀಪುರದ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ದೀಪ ಹಚ್ಚಿ, ಹಾಲು ಉಕ್ಕಿಸಿದೆವು. ಅಪ್ಪ ಲಾರಿಯವನನ್ನು ಕಳಿಸಲು ಬೀದಿಗೆ ಹೋದರು. ನಾನು ಪಟ್ಟಿ ಬಿಡಿಸಿಕೊಂಡು ಹಿಟ್ಟಿನ ಡಬ್ಬದ ಮುಂದೆ ಕೂತೆ. ಒಂದನೇ ನಂಬರಿನ ಡಬ್ಬಿ ಸಿಕ್ಕಿತು. ತೆಗೆದರೆ ಖಾಲಿ. ಎರಡನೆಯದು, ಅದೂ ಖಾಲಿ. ಹತ್ತೂ ಖಾಲಿ. ಹನ್ನೊಂದನೆಯದು ಬರೀ ಕಾಲುಚೀಲ. ಒಂದರ ನಂಬರೂ ಅಳಿಸಿರಲಿಲ್ಲ, ಮುಚ್ಚಳಗಳೆಲ್ಲ ಬಿಗಿಯಾಗಿದ್ದವು. ಹಿಟ್ಟನ್ನೆಲ್ಲ ತಳದವರೆಗೂ ಕೆದಕಿದೆ, ಬರೀ ಹಿಟ್ಟು. ಮೂರು ತಲೆಮಾರಿನ ಚಿನ್ನವನ್ನು ನಂಬರು ಹಾಕಿ ಕಳೆದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಅಮ್ಮ ಮಾತ್ರ ಗಾಬರಿಯಾಗಲಿಲ್ಲ. ಆ ಡಬ್ಬದ ಮುಚ್ಚಳ ಸಡಿಲ, ನಂಬಿಕೆ ಬರಲಿಲ್ಲ, ಅದಕ್ಕೇ ಶನಿವಾರವೇ ಪೊಟ್ಟಣಗಳನ್ನೆಲ್ಲ ತೆಗೆದು ತನ್ನ ದಿಂಬಿನೊಳಗೆ ತುಂಬಿ ಹೊಲಿದಿದ್ದೇನೆ, ನಿನಗೆ ಬೇಜಾರಾದೀತೆಂದು ಹೇಳಲಿಲ್ಲ ಎಂದಳು. ದಿಂಬು ತಂದು ಹೊಲಿಗೆ ಬಿಚ್ಚಿದಳು. ಹತ್ತಿ ಬಂತು. ಇನ್ನಷ್ಟು ಹತ್ತಿ ಬಂತು. ಆಗ ಅಮ್ಮನೂ ಗಾಬರಿಯಾದಳು.

ಇಷ್ಟೂ ಹೊತ್ತು ಅಜ್ಜಿ ಹೊಸ್ತಿಲ ಬಳಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಕತ್ತರಿಸಿ ಮುಗಿಸಿ, ಬಾಯಿಗೆ ಹಾಕಿಕೊಂಡು, ಎಲೆಅಡಿಕೆಯ ಚೀಲವನ್ನು ನನ್ನ ಮುಂದೆ ಸುರಿದರು. ಎಲೆ, ಸುಣ್ಣದ ಡಬ್ಬಿ, ಅವುಗಳ ನಡುವೆ ನನ್ನ ಗುಲಾಬಿ ಪೊಟ್ಟಣಗಳು. ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿ ಯಾವ ಹೆಂಗಸಾದರೂ ದಿಂಬು ಹೊಲಿಯುತ್ತಾ ಕೂರುತ್ತಾಳೆಯೇ ಎಂದು ಅವರಿಗೆ ಅನುಮಾನ ಬಂದಿತ್ತಂತೆ. ಅಮ್ಮ ನೀರಿಗೆ ಹೋದಾಗ ಬಿಚ್ಚಿ, ಒಳಗಿದ್ದದ್ದನ್ನೆಲ್ಲ ಬಾಚಿ ತೆಗೆದು, ಮತ್ತೆ ಹೊಲಿದರಂತೆ. ಇಷ್ಟು ಹೊತ್ತು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನನ್ನ ಯಾರ್ ಕೇಳುದ್ರು?" ಎಂದರು.

ವಿಚಿತ್ರವೆಂದರೆ, ಒಡವೆ ಸಿಕ್ಕಿದ ಮೇಲೂ ಅಮ್ಮ ಹತ್ತಿಯಲ್ಲಿ ಹುಡುಕುವುದನ್ನು ನಿಲ್ಲಿಸಿರಲಿಲ್ಲ. ನಾನು ಎಣಿಸತೊಡಗಿದೆ. ಅಜ್ಜಿಯ ನಿಯಮದಂತೆ, ತಿರುಪು ಸಮೇತ. ಇಪ್ಪತ್ತೈದು ಮುಗಿದ ಮೇಲೂ ಒಂದು ಪೊಟ್ಟಣ ಉಳಿಯಿತು. ಅದರ ಕಾಗದ ಹಳೆಯದು, ಗುಲಾಬಿ ಹೋಗಿ ಬೆಳ್ಳಗಾಗಿತ್ತು. ಬಿಚ್ಚಿದರೆ ಏಳು ಹರಳಿನ ಮೂಗುಬೊಟ್ಟು, ಪಕ್ಕದಲ್ಲಿ ಅದರ ತಿರುಪು. ಇಪ್ಪತ್ತೇಳು.

ಆ ಮೂಗುಬೊಟ್ಟನ್ನು ನಾನು ನೋಡಿರಲಿಲ್ಲ, ಆದರೆ ಅದರ ಚರಿತ್ರೆ ನನಗೆ ಬಾಯಿಪಾಠ. ಅಜ್ಜಿಗೆ ಅವರ ಅತ್ತೆ ಹಾಕಿದ್ದು; ಮದುವೆಯಾದ ಹೊಸದರಲ್ಲಿ ಅಜ್ಜಿ ಅಮ್ಮನಿಗೆ ಹಾಕಿದ್ದು; ತಿಂಗಳು ತುಂಬುವುದರೊಳಗೆ ಅಮ್ಮ ಕಪಿಲೆಯಲ್ಲಿ ಮುಳುಗು ಹಾಕುವಾಗ ಹೊಳೆಯ ಪಾಲಾದದ್ದು. ಇಪ್ಪತ್ತು ವರ್ಷದಿಂದ ಬಂದ ನೆಂಟರಿಗೆಲ್ಲ ಅಜ್ಜಿ ಇದನ್ನು ಹೇಳುತ್ತಾ ಬಂದಿದ್ದರು. ನಾನು ಡೈರಿ ಶುರು ಮಾಡಿದ ಮೇಲೆ ಹೇಳಿದ್ದೇ ಮೂವತ್ತೊಂದು ಸಲ. ಹೊಳೆಯ ಪಾಲಾದದ್ದು ಅಮ್ಮನ ದಿಂಬಿನೊಳಗೆ ಹೇಗೆ ಬಂತು? ಅಮ್ಮನ ಮುಖ ನೋಡಿದೆ, ಉತ್ತರ ಅಲ್ಲಿತ್ತು. ಅವಳು ಹತ್ತಿ ಹಿಡಿದ ಕೈಯಲ್ಲೇ ಬೇಡ ಬೇಡ ಎಂದು ಸನ್ನೆ ಮಾಡಿದಳು.

"ಎಸ್ಟಾಯ್ತು ಮಗಾ?" ಎಂದರು ಅಜ್ಜಿ.

ಅತ್ತೆ ಸೊಸೆ ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕಳೆದಿದ್ದರು. ಒಂದು ಅಂಕಿಯಿಂದ ಅದೆಲ್ಲ ಒಡೆದುಹೋಗುವುದಿತ್ತು, ಅದೂ ಹಾಲು ಉಕ್ಕಿದ ದಿನ. ಪೊಟ್ಟಣವನ್ನು ಪಟ್ಟಿಯ ಕೆಳಗೆ ಸರಿಸಿದೆ. "ಇಪ್ಪತ್ತೈದು. ಸರಿಯಾಗಿದೆ ಅಜ್ಜಿ" ಎಂದೆ. ಬಾಯಿಬಿಟ್ಟು ಸುಳ್ಳು ಲೆಕ್ಕ ಹೇಳಿದ್ದು ಜೀವನದಲ್ಲಿ ಅದೇ ಮೊದಲು.

ಅಜ್ಜಿ ಎಲೆಗೆ ಸುಣ್ಣ ಸವರಿದರು. "ಬಸ್ನಲ್ಲಿ ನಾನು ಮೂರು ದಪ ಎಣಿಸ್ದೆ. ತಿರುಪು ಸೇರಿ ಇಪ್ಪತ್ತೇಳು ಬಂತು. ಬಿಕಾಮ್ನಲ್ಲಿ ಏನ್ ಕಲಿಸ್ತಾರೆ ನಿಂಗೆ?"

ಬಸ್ಸಿನಲ್ಲಿ ನಂಜುಂಡೇಶ್ವರನನ್ನು ನೆನೆದದ್ದಲ್ಲ ಅದು. ಅಮ್ಮ ಅಳುವ ದನಿಯಲ್ಲಿ, ತಪ್ಪಾಯಿತು ಅತ್ತೆ, ಆಗಿನ್ನೂ ಚಿಕ್ಕವಳು, ಅದನ್ನು ಹಾಕಿಕೊಂಡರೆ ಅರ್ಧ ಮುಖವೇ ಕಾಣುತ್ತಿರಲಿಲ್ಲ, ಮಜ್ಜಿಗೆ ಕುಡಿಯಲು ಹೋದರೆ ಲೋಟಕ್ಕೆ ಟಣ್ಣೆಂದು ತಾಗುತ್ತಿತ್ತು, ಬೇಡವೆನ್ನಲು ಧೈರ್ಯ ಬರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು.

"ಒಳೇಲಿ ಓಯ್ತು ಅಂದಾಗ್ಲೇ ನಂಗೆ ಗೊತ್ತಿತ್ತು ಕಣ್ ಬುಡು ಜಯಾ" ಎಂದರು ಅಜ್ಜಿ. "ಆ ತಿರುಪ ಬಿಚ್ಚಕೆ ಅಕ್ಕಸಾಲಿ ಇಕ್ಕಳ ತರ್ಬೇಕಾಗಿತ್ತು. ಕಪಿಲಮ್ಮ ಇಕ್ಕಳ ಇಟ್ಕಂಡು ಕಾಯ್ತಿದ್ಲಾ? ಎಲ್ಲರ ಮುಂದೆ ಏಳ್ತಿದ್ರೆ ಯಾವತ್ತಾರ ಬಾಯ್ಬುಟ್ಟೀಯ ಅಂತಿದ್ದೆ. ಗಟ್ಟಿಗಿತ್ತಿ, ಬುಡ್ನಿಲ್ಲ."

ಅಮ್ಮ ಕಣ್ಣು ಒರೆಸಿಕೊಂಡಳು. ಮೂಗಿನ ತುದಿಗೆ ಹತ್ತಿ ಅಂಟಿತು. ಅಜ್ಜಿ ಅದನ್ನು ತೆಗೆಯುತ್ತಾ, ಸ್ವಲ್ಪ ದನಿ ತಗ್ಗಿಸಿ ಹೇಳಿದರು:

"ನಂಗೂ ಮಜ್ಜಿಗೆ ಕುಡಿಯಕಾಯ್ತಿರ್ನಿಲ್ಲ. ಯಾವಾಗ ಸೊಸೆ ಬಂದಾಳು, ಯಾವಾಗ ಅವ್ಳ ಮೂಗ್ಗೆ ದಾಟ್ಸೇನು ಅಂತ ಕಾಯ್ತಿದ್ದೆ."

ಅಮ್ಮ ಮೊದಲು ನಕ್ಕಳು. ಆಮೇಲೆ ಅಜ್ಜಿ. ಅಡಿಕೆ ನೆತ್ತಿಗೇರುವವರೆಗೆ ನಕ್ಕರು. ಲಾರಿಯವನನ್ನು ಕಳಿಸಿ ಬಂದ ಅಪ್ಪ, ಹರಡಿದ ಹತ್ತಿ, ಹಿಟ್ಟು, ಒಡವೆಗಳ ನಡುವೆ ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡಿದ್ದನ್ನು ಕಂಡು, ಏನು ಕಳೆಯಿತು ಎಂದು ಕೇಳಿದರು. ಏನೂ ಕಳೆದಿಲ್ಲ, ಎರಡು ಹೆಚ್ಚಾಗಿದೆ ಎಂದೆ. ಕಳೆದರೆ ಪೊಲೀಸರಿಗೆ ಹೇಳಬಹುದು, ಹೆಚ್ಚಾದರೆ ಯಾರಿಗೆ ಹೇಳುವುದು ಎಂದು ಅವರು ಯೋಚನೆಗೆ ಬಿದ್ದರು.

ನಗು ನಿಂತ ಮೇಲೆ ಪಟ್ಟಿಯಲ್ಲಿ ಇಪ್ಪತ್ತೈದನ್ನು ಹೊಡೆದುಹಾಕಿ ಇಪ್ಪತ್ತೇಳು ಎಂದು ಬರೆದು, ಮೂಗುಬೊಟ್ಟು ಮತ್ತು ತಿರುಪನ್ನು ಯಾರ ಹೆಸರಿನ ಕೆಳಗೆ ಸೇರಿಸಲಿ ಎಂದು ಕೇಳಿ ತಲೆಯೆತ್ತಿದೆ. ಅಂಥ ಪ್ರಶ್ನೆಯನ್ನು ಕೇಳಬಾರದಿತ್ತು. ಅತ್ತೆ ಸೊಸೆ ಇಬ್ಬರೂ ಒಂದೇ ಸಲಕ್ಕೆ ನನ್ನ ಮೂಗಿನ ಕಡೆ ನೋಡುತ್ತಿದ್ದರು.

ಈಗ ಅದು ನನ್ನ ಹೆಸರಿನಲ್ಲಿದೆ. ಯುಗಾದಿ, ಗೌರಿ ಹಬ್ಬ, ಯಾರದಾದರೂ ಮದುವೆ, ವರ್ಷಕ್ಕೆ ಸರಾಸರಿ ಒಂಬತ್ತು ದಿನ ನನ್ನ ಮೂಗಿನ ಮೇಲೂ ಇರುತ್ತದೆ. ಆ ಒಂಬತ್ತು ದಿನ ನಾನು ಮಜ್ಜಿಗೆ ಕುಡಿಯುವುದಿಲ್ಲ. ದೂರುವುದಕ್ಕೇನಿಲ್ಲ. ಆದರೆ ಲೆಕ್ಕದವಳಾದ್ದರಿಂದ ಒಂದು ಸಂಗತಿಯನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಅಮ್ಮನಿಗೆ ನಂಜನಗೂಡಿನಲ್ಲಿ ಇದ್ದದ್ದು ಕಪಿಲೆ ಒಂದೇ ಹೊಳೆ, ನರಸೀಪುರದಲ್ಲಿ ಕಾವೇರಿಯೂ ಸೇರಿ ಎರಡು ಇವೆ.