ಹುಟ್ಟುತ್ತಲೇ ಪಾಳುಬಿದ್ದ ಗೋಪುರ

ನಮ್ಮ ಚಿಕ್ಕಪ್ಪನಷ್ಟು ಶ್ರದ್ಧೆಯಿಂದ ಕೆಲಸಕ್ಕೆ ಬಾರದ ಕೆಲಸ ಮಾಡುವವರು ಇಡೀ ಮಿಷಿಗನ್ನಿನಲ್ಲಿ ಇನ್ನೊಬ್ಬರಿಲ್ಲ. ಆಬರ್ನ್ ಹಿಲ್ಸ್‌ನಲ್ಲಿ ಮೂವತ್ತು ವರ್ಷ ಕಾರುಗಳ ಬ್ರೇಕಿಗಾಗಿ ತಲೆ ಸವೆಸಿ ನಿವೃತ್ತರಾದ ಮೇಲೆ, ನೋವೈ ಎಂಬ ಊರಿನ ತಮ್ಮ ಮನೆಯ ಹಿಂದಿನ ದಿಬ್ಬದ ಮೇಲೆ ಕಲ್ಲಿನ ಗೋಪುರವೊಂದನ್ನು ಕಟ್ಟಿದ್ದಾರೆ. ಬಾಗಿಲಿದೆ, ಒಳಗೆ ಕೋಣೆಯಿಲ್ಲ. ಕಿಟಕಿಯಿದೆ, ಹತ್ತಲು ಮೆಟ್ಟಿಲಿಲ್ಲ. ತುದಿಯನ್ನಂತೂ ಕಟ್ಟುವಾಗಲೇ ಮುರಿದು ಕಟ್ಟಿದ್ದಾರೆ!

ಇದರ ಮೂಲ ಇಂಗ್ಲೆಂಡಿನಲ್ಲಿದೆ. ಕಂಪನಿ ಕೆಲಸಕ್ಕೆ ಹೋದವರು ಹಳ್ಳಿಗಾಡಿನ ಪಾರ್ಕೊಂದರ ಗುಡ್ಡದ ಮೇಲೆ ಇಂಥದೇ ಪಾಳು ಗೋಪುರ ಕಂಡು, ಯಾವ ಯುದ್ಧದಲ್ಲಿ ಬಿತ್ತೋ ಎಂದು ಮರುಗಿದರಂತೆ. ಕಾವಲುಗಾರ ನಕ್ಕನಂತೆ. ಊಟದ ಮನೆಯ ಕಿಟಕಿಯಿಂದ ಗುಡ್ಡ ಬೋಳಾಗಿ ಕಾಣುತ್ತದೆಂದು ಜಮೀನ್ದಾರನೊಬ್ಬ ಹೊಸದಾಗಿಯೇ ಕಟ್ಟಿಸಿದ ಪಾಳು ಅದು! ಆಮೇಲೆ ಕುರಿ ಕಾಯುವವರು ಮಳೆಗೆ ಅದರ ಮರೆಯಲ್ಲಿ ನಿಂತರು, ಯುದ್ಧಕಾಲದಲ್ಲಿ ಸೈನಿಕರು ಅಲ್ಲಿಂದ ಶತ್ರು ವಿಮಾನಗಳಿಗೆ ಕಣ್ಣಿಟ್ಟರು, ಈಗ ಜನ ಸ್ಯಾಂಡ್‌ವಿಚ್ ತಿನ್ನುತ್ತಾರೆ.

"ನಾನು ಮಾಡಿದ ಬ್ರೇಕು ಹದಿನೈದು ವರ್ಷಕ್ಕೆ ಗುಜರಿ. ಆ ಗೋಪುರ ಹುಟ್ಟಿದಾಗಲೇ ಗುಜರಿ, ಇನ್ನೂ ನಿಂತಿದೆ ನೋಡು," ಎನ್ನುತ್ತಾರೆ ಚಿಕ್ಕಪ್ಪ. ಇದಕ್ಕೆ ಏನು ಹೇಳುತ್ತೀರಿ?

ಕಟ್ಟುವ ಮೊದಲು ತಮ್ಮ ಬಡಾವಣೆಯ ಸಬ್‌ಡಿವಿಷನ್ ಕಮಿಟಿಗೆ ಅಪ್ಲೈ ಮಾಡುವಾಗ, ಕಟ್ಟಡದ ಉದ್ದೇಶ ಎಂಬಲ್ಲಿ 'ಏನೂ ಇಲ್ಲ' ಎಂದು ಬರೆದರು. ಅರ್ಜಿ ವಾಪಸ್ ಬಂತು. ಚಿಕ್ಕಮ್ಮ ಅದನ್ನು ಕಿತ್ತುಕೊಂಡು 'ಹಕ್ಕಿ ನೋಡಲು' ಎಂದು ತಿದ್ದಿದರು. ಮಂಜೂರಾಯಿತು. ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ್ ಮುರುಕು ತುದಿ ತೋರಿಸಿ, ಇದನ್ನು ಯಾವಾಗ ಮುಗಿಸುತ್ತೀರಿ ಎಂದ. ಮುಗಿದಿದೆ ಎಂದರು ಚಿಕ್ಕಪ್ಪ. ಆತ ಗೋಪುರವನ್ನು ಬಿಟ್ಟು ಚಿಕ್ಕಪ್ಪನನ್ನೇ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದ. ಮಗಳದು ಬೇರೆಯೇ ಸಂಕಟ: "ಡ್ಯಾಡ್, ಎವ್ರಿವನ್ ಥಿಂಕ್ಸ್ ವಿ ಹ್ಯಾಡ್ ಎ ಟೊರ್ನೇಡೊ."

ಕಳೆದ ಅಕ್ಟೋಬರಿನಲ್ಲಿ ನಾನು ಹೋಗಿದ್ದಾಗ ಚಿಕ್ಕಮ್ಮ ಸಂಜೆ ಒಬ್ಬರೇ ವಾಕಿಂಗ್ ಹೊರಟರು. ಚಿಕ್ಕಪ್ಪ ನನ್ನನ್ನು ಕರೆದುಕೊಂಡು, ಅವರಿಗೆ ಕಾಣದಂತೆ ಹಿಂದೆಯೇ ನಡೆದರು. ಮೂರನೆಯ ತಿರುವಿನಲ್ಲಿ ಚಿಕ್ಕಮ್ಮ ನಿಂತುಬಿಟ್ಟರು. ನಾಲ್ಕೂ ಕಡೆ ಅದೇ ಬಣ್ಣದ ಮನೆ, ಅದೇ ಗ್ಯಾರೇಜು. ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯತೊಡಗಿದರು. ನಾನು ಕೂಗಲು ಬಾಯಿ ತೆರೆದೆ. ಚಿಕ್ಕಪ್ಪ ತೋಳು ಹಿಡಿದರು.

"ತಾಳು. ಎರಡು ವರ್ಷದಿಂದ ಮನೆ ದಾರಿ ಮರೀತಾಳೆ. ಯಾರಿಗೂ ಗೊತ್ತಾಗಬಾರದು ಅಂತ ಅವಳ ಆಸೆ."

ಚಿಕ್ಕಮ್ಮ ತಲೆಯೆತ್ತಿದರು. ಛಾವಣಿಗಳಾಚೆ ಗೋಪುರದ ಮುರುಕು ತುದಿ ಕಂಡಿತು. ಎಡಕ್ಕೆ ತಿರುಗಿ ಸರಸರನೆ ನಡೆದರು.

ಚಿಕ್ಕಪ್ಪ ಬಲಕ್ಕೆ ತಿರುಗಿದರು. "ನಾವು ಇನ್ನೊಂದು ಸುತ್ತು ಹಾಕಿ ಬರೋಣ. ಬಾಗಿಲು ಅವಳೇ ತೆಗೀಲಿ."