ತಾನಾಗಿ ಆರುವ ದೀಪ

"ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಈ ದೀಪ ತಾನಾಗಿ ಆರದಿದ್ದರೆ ನಾನು ಮೇಷ್ಟ್ರೇ ಅಲ್ಲ!" ಎಂದು ಮೇಷ್ಟ್ರು ಘೋಷಿಸಿದರು. ನಿವೃತ್ತರಾಗಿ ಐದು ವರ್ಷ ಕಳೆದಿದ್ದುದರಿಂದ ಈ ಪ್ರತಿಜ್ಞೆಯಲ್ಲಿ ಕಳೆದುಕೊಳ್ಳುವಂಥದ್ದು ಹೆಚ್ಚೇನೂ ಇಲ್ಲವೆಂಬುದನ್ನು ಅವರ ಮಡದಿ ಗಮನಿಸಿದರು.

ಸಂಗತಿ ಇಷ್ಟೇ. ಹುಡುಗನಾಗಿದ್ದಾಗ ಕ್ಯಾಲೆಂಡರಿನಲ್ಲಿ ಕಂಡು ಮನಸೋತಿದ್ದ ಕೆಂಪು ಸ್ಪೋರ್ಟ್ಸ್ ಕಾರೊಂದರ ಪಡಿಯಚ್ಚನ್ನು ಮೇಷ್ಟ್ರು ಮೂರು ವರ್ಷ ಶೆಡ್ಡಿನಲ್ಲಿ ಕೂತು ಕಟ್ಟಿದ್ದರು. ಎರಡೇ ಸೀಟು, ತಲೆಯ ಮೇಲೆ ಚಾವಣಿಯಿಲ್ಲ, ಮೂತಿ ಮೊಸಳೆಯಷ್ಟು ಉದ್ದ! ಮೈ ಫೈಬರಿನದು, ಒಳಗಿನ ಎಂಜಿನ್, ಗೇರು, ಸ್ಟೇರಿಂಗ್ ಕಂಬ ಎಲ್ಲ ಗುಜರಿ ಸೇರಬೇಕಿದ್ದ ಯಾವುದೋ ಸಂಸಾರಸ್ಥ ಕಾರಿನವು. ಓಡೆಂದರೆ ಓಡುತ್ತಿತ್ತು, ನಿಲ್ಲೆಂದರೆ ಬಹುಮಟ್ಟಿಗೆ ನಿಲ್ಲುತ್ತಿತ್ತು. ಕೊರತೆ ಒಂದೇ. ಉಳಿದ ಕಾರುಗಳಲ್ಲಿ ತಿರುವು ಮುಗಿದು ಸ್ಟೇರಿಂಗ್ ನೆಟ್ಟಗಾದೊಡನೆ ಇಂಡಿಕೇಟರ್ ಲಿವರ್ 'ಟಕ್' ಎಂದು ಸ್ವಸ್ಥಾನಕ್ಕೆ ಮರಳಿ ದೀಪ ಆರುತ್ತದೆ. ಇವರದರಲ್ಲಿ ಮಿಣುಕುತ್ತಲೇ ಇರುತ್ತಿತ್ತು.

ಹಿಂದಿನ ವಾರವಂತೂ ಎಡಕ್ಕೆ ತಿರುಗುವ ಸನ್ನೆ ಮಾಡುತ್ತಲೇ ನಾಲ್ಕು ಕಿಲೋಮೀಟರ್ ನೆಟ್ಟಗೆ ಸಾಗಿದ್ದರು. ಹಿಂದೆ ಹನ್ನೊಂದು ವಾಹನಗಳ ಮೆರವಣಿಗೆ! "ಅಜ್ಜಾ, ತಿರುಗ್ತೀಯೋ, ನಾವೇ ಬಂದು ತಿರುಗಿಸ್ಬೇಕೋ?" ಎಂದು ಲಾರಿಯವನೊಬ್ಬ ಕೂಗಿದ್ದ. ಪಕ್ಕದಲ್ಲಿದ್ದ ಮಡದಿ ಕೈಚೀಲವನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಮನೆಗೆ ಬಂದೊಡನೆ ಅಪ್ಪಣೆಯಾಯಿತು:

"ದೀಪ ತಾನಾಗಿ ಆರೋವರೆಗೂ ನಾನು ಈ ಕಾರು ಹತ್ತಲ್ಲ. ಭಾನುವಾರ ಅಕ್ಕನ ಮನೆಗೆ ಹತ್ತು ಗಂಟೆ ಬಸ್ಸಲ್ಲೇ ಹೋಗ್ತೀನಿ."

ಮೇಷ್ಟ್ರು ಕಾರಿನತ್ತ ನೋಡಿದರು. ಎರಡು ಸೀಟಿನ ಕಾರಿನ ಎರಡನೆಯ ಸೀಟಿನಲ್ಲಿ ಗಾಳಿಯನ್ನು ಕೂರಿಸಿಕೊಂಡು ಹೋಗುವುದೇ? ಅವಳ ಸೊಂಟನೋವಿಗೆಂದು ಅಳತೆ ಹಿಡಿದು ದಿಂಬು ಹೊಲಿಸಿ ಇಟ್ಟದ್ದು ಗಾಳಿಗಾಗಿಯೇ?

'ಗ್ರೀಸಣ್ಣ'ನೆಂದೇ ಎಲ್ಲರೂ ಕರೆಯುವ ಮೆಕ್ಯಾನಿಕ್ ಬಂದು ಸ್ಟೇರಿಂಗ್ ಬಿಚ್ಚಿ ನೋಡಿದ. "ಸಾರ್, ಇಲ್ಲೊಂದು ಸಣ್ಣ ಗೂಟ ಇರ್ಬೇಕಿತ್ತು. ಸ್ಟೇರಿಂಗ್ ವಾಪಸ್ ಬರುವಾಗ ಅದೇ ಲಿವರ್ ತಳ್ಳೋದು. ಹಳೇ ಸ್ಟೇರಿಂಗ್ ತೆಗೆದು ಇದನ್ನ ಹಾಕಿದ್ರಲ್ಲ, ಅದರ ಜೊತೇಲೇ ಹೋಗಿದೆ. ಪ್ಲಾಸ್ಟಿಕ್ ಗೂಟ, ಎರಡು ವಾರದಲ್ಲಿ ತರಿಸ್ತೀನಿ."

"ಪ್ಲಾಸ್ಟಿಕ್ಕೇ!" ಮೇಷ್ಟ್ರು ಕೆರಳಿದರು. "ಇಂಥಾ ಕಾರಿಗೆ ಪ್ಲಾಸ್ಟಿಕ್ಕೇ? ಏನು ತಿಳ್ಕೊಂಡಿದ್ದೀಯ?"

"ಇಡೀ ಕಾರೇ ಪ್ಲಾಸ್ಟಿಕ್ಕು ಅಲ್ವೇನ್ರಿ?" ಎಂದರು ಮಡದಿ.

"ಅದು ಫೈಬರ್!"

"ಹಾಗಲ್ಲ ಸಾರ್, ಅಲ್ಲೇ ಪಕ್ಕದಲ್ಲಿ ಹಾರ್ನ್ ಕನೆಕ್ಷನ್ ಇರುತ್ತೆ, ಅದಕ್ಕೇ..."

"ನೀನು ಹೊರಡಪ್ಪಾ! ನನಗೆ ಪಾಠ ಹೇಳಬೇಡ!"

ಶನಿವಾರ ಬೆಳಿಗ್ಗೆ ಗೂಟ ನಿರ್ಮಾಣದ ಮಹಾಕಾರ್ಯ ಆರಂಭವಾಯಿತು. ಲೋಹ ಹಿತ್ತಾಳೆ. ಮೂಲ, ನಡುಮನೆಯ ಪರದೆಯ ಸರಳಿನ ತುದಿ. ಮೊದಲ ಗೂಟ ಗಿಡ್ಡವಾಯಿತು, ಲಿವರ್ ಮಿಸುಕಲಿಲ್ಲ. ಎರಡನೆಯದು ಉದ್ದವಾಯಿತು, ಎಡದ ದೀಪವೇನೋ ಆರಿತು, ಆದರೆ ಲಿವರ್ ಜಿಗಿದು ಬಲದ ದೀಪ ಹತ್ತಿತು!

"ಸುಮ್ಮನಿರು ಅಂದ್ರೆ ಪಕ್ಕದವನನ್ನ ಎಬ್ಬಿಸ್ತೀಯಾ!" ಎಂದು ಮೇಷ್ಟ್ರು ಲಿವರನ್ನು ಗದರಿದರು.

"ಏನ್ರೀ, ಪರದೆ ಕೆಳಗೆ ಬಿದ್ದಿದೆಯಲ್ಲ!" ಎಂದು ಒಳಗಿನಿಂದ ಕೂಗು ಬಂತು.

"ಗುರುತ್ವಾಕರ್ಷಣೆ!" ಎಂದರು ಮೇಷ್ಟ್ರು, ಗರಗಸ ನಿಲ್ಲಿಸದೆ.

ಮೂರನೆಯ ಗೂಟವನ್ನು ಅರದಿಂದ ಉಜ್ಜಿ ಉಜ್ಜಿ ಸಾಣೆ ಹಿಡಿದರು. ಭಾನುವಾರ ಒಂಬತ್ತೂವರೆಗೆ ಶೆಡ್ಡಿನಲ್ಲೇ ಪರೀಕ್ಷೆ. ಎಡ, ಟಕ್! ಬಲ, ಟಕ್! ಮೇಷ್ಟ್ರ ಕಣ್ಣು ತೇವವಾಯಿತು. ಕೆಲಸಕ್ಕೆ ಅಡ್ಡಿಯೆಂದು ಕಿತ್ತಿಟ್ಟಿದ್ದ ಹಾರ್ನಿನ ತಂತಿಯನ್ನು ಮರೆಯದೆ ಜೋಡಿಸಿ, ಕಾರನ್ನು ಮನೆಯೆದುರಿನ ದುಂಡು ಪಾರ್ಕಿನ ರಸ್ತೆಗೆ ಇಳಿಸಿದರು. ತಿರುಗಿಸಿದರು. ನೆಟ್ಟಗೆ ಮಾಡಿದರು. ಟಕ್!

ಜೊತೆಗೇ, ಪೋಂ...!

ಲಿವರನ್ನು ತಳ್ಳುವ ಭರದಲ್ಲಿ ಹಿತ್ತಾಳೆಯ ಗೂಟ ಜರುಗಿ ಹೋಗಿ ಹಾರ್ನಿನ ಕನೆಕ್ಷನ್ನಿಗೆ ತಾಗಿ ಕೂತಿತ್ತು. ಪ್ಲಾಸ್ಟಿಕ್ಕಾಗಿದ್ದರೆ ಅದರಲ್ಲಿ ವಿದ್ಯುತ್ತು ಹರಿಯುತ್ತಿರಲಿಲ್ಲ. ಸ್ಟೇರಿಂಗ್ ತಿರುಗಿಸಿದರೆ ಮೌನ. ನೆಟ್ಟಗೆ ಮಾಡಿದರೆ ಆನೆ ಘೀಳಿಟ್ಟಂತೆ ಪೋಂ! ಹಾಗಾಗಿ ಮೇಷ್ಟ್ರಿಗೆ ಉಳಿದ ದಾರಿ ಒಂದೇ, ತಿರುಗುತ್ತಲೇ ಇರುವುದು. ಪಾರ್ಕಿನ ಸುತ್ತ ಒಂದು ಸುತ್ತು, ಎರಡು ಸುತ್ತು, ಕೈ ಸ್ವಲ್ಪ ಸಡಿಲಿದಾಗಲೆಲ್ಲ ಪೋಂ! ನಿಲ್ಲಿಸಬಹುದಿತ್ತು ನಿಜ. ಆದರೆ ನಿಲ್ಲಿಸಿದರೆ ಸೋತಂತೆ. ಸೋತರೆ ಅವಳು ಬಸ್ಸು ಹತ್ತಿದಂತೆ.

ಎದುರುಮನೆಯ ಕಾಂಪೌಂಡರ್ ಕಿಟಕಿ ತೆರೆದ. "ಏನ್ ಮೇಷ್ಟ್ರೇ, ಗಾಣ ಕಟ್ಟಿದೀರಾ?"

"ಎಣ್ಣೆ ಬಂದಾಗ ನಿಮ್ಮ ಪಾಲು ಕಳಿಸ್ತೀನಿ, ಕಿಟಕಿ ಮುಚ್ಚಿ!"

ಏಳನೆಯ ಸುತ್ತಿಗೆ ಮಡದಿಯೇ ರಸ್ತೆಯ ನಡುವೆ ಬಂದು ಕೈಯೆತ್ತಿ ನಿಂತರು. ಕಾರು ನಿಂತಿತು.

"ದೀಪ ಆರ್ತು ನೋಡಿದೆಯಾ?" ಎಂದರು ಮೇಷ್ಟ್ರು ಏದುಸಿರು ಬಿಡುತ್ತ.

"ಆರ್ತು. ಬೀದಿಯವರೆಲ್ಲ ಎದ್ರು. ಮೊದಲು ಆ ಗೂಟ ಕೀಳ್ರಿ."

ಮೇಷ್ಟ್ರು ತುಟಿ ಕಚ್ಚಿಕೊಂಡು ಸ್ಟೇರಿಂಗ್ ಬಿಚ್ಚಿ, ಗೂಟ ಕಿತ್ತುಕೊಟ್ಟು, ಮತ್ತೆ ಬಿಗಿದರು. "ಇನ್ನೇನು, ನೀನು ಬಸ್ಸಿಗೆ ಹೋಗು," ಎಂದರು.

"ಎಲ್ಲಿಯ ಬಸ್ಸು? ನಿಮ್ಮ ಗಲಾಟೇಲಿ ನಾನು ಕೂಗಿದ್ದೇ ಡ್ರೈವರ್‌ಗೆ ಕೇಳಿಸ್ಲಿಲ್ಲ. ಹೊರಟು ಹೋದ," ಎನ್ನುತ್ತ ಮಡದಿ ಬಾಗಿಲು ತೆರೆದು, ದಿಂಬು ಸರಿಮಾಡಿಕೊಂಡು ಕೂತರು. "ನಡೀರಿ."

"ಗೂಟ ಇಲ್ಲ ಕಣೇ. ದೀಪ ಆರಲ್ಲ."

"ಆರುತ್ತೆ, ನಡೀರಿ."

ಮೊದಲ ತಿರುವು ಬಂತು. ಮೇಷ್ಟ್ರು ಸನ್ನೆ ಹಾಕಿ ತಿರುಗಿಸಿದರು, ನೆಟ್ಟಗೆ ಮಾಡಿದರು. ದೀಪ ಮಿಣುಕುತ್ತಲೇ ಇತ್ತು. ಪಕ್ಕದಿಂದ ಬಳೆಯ ಕೈಯೊಂದು ಸದ್ದಿಲ್ಲದೆ ಚಾಚಿತು. ಟಕ್! ದೀಪ ಆರಿತು.

ಮೇಷ್ಟ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟೇ ಆಗಿದ್ರೆ ನನ್ನನ್ನ ಯಾಕೆ ಹೀಗೆ ಗೋಳಾಡಿಸಿದೆ? ತಾನಾಗಿ ಆರ್ಬೇಕು ಅಂತ ಹಟ ಹಿಡಿದವಳು ನೀನೇ ತಾನೇ?"

"ಹೌದು, ನಾನೇ," ಎಂದರು ಮಡದಿ, ರಸ್ತೆಯನ್ನೇ ನೋಡುತ್ತ. "ಬಚ್ಚಲುಮನೇದು, ಅಡುಗೆಮನೇದು, ನಿಮ್ಮ ಶೆಡ್ಡಿಂದು... ಮೂವತ್ತೆಂಟು ವರ್ಷದಿಂದ ನೀವು ಹಾಕಿ ಎದ್ದು ಬಂದ ದೀಪಗಳೆಲ್ಲ ತಾನಾಗೇ ಆರ್ತಿವೆ ಅಂದ್ಕೊಂಡಿದ್ರಾ? ಇದೊಂದಾದ್ರೂ ನಾನಿಲ್ಲದೆ ಆರಲಿ ಅಂತ ಆಸೆಪಟ್ಟೆ ಕಣ್ರೀ!"