ಫಟಫಟಿಯ ಕೆಳಗೊಂದು ತಾಟು

ನಮ್ಮ ಮಾಮಾ ಎಲ್ಲಿಗೆ ಹೋಗಿದ್ದಾನೆಂದು ತಿಳಿಯಲು ನಾವು ಯಾರನ್ನೂ ಕೇಳಬೇಕಾಗಿರಲಿಲ್ಲ. ನೆಲ ನೋಡಿದರೆ ಸಾಕಿತ್ತು! ನಮ್ಮ ಬಾಗಿಲಿನಿಂದ ಹೊರಟ ಕರಿ ಎಣ್ಣೆಯ ಹನಿಗಳು ಓಣಿ ತಿರುಗಿ, ಜಗತ್ ಚೌಕ ದಾಟಿ, ಚಹಾದ ಹೋಟೆಲಿನ ಮುಂದೆ ಒಂದು ಕೆರೆಯಾಗಿ, ಅಲ್ಲಿಂದ ಮತ್ತೆ ಹನಿಹನಿಯಾಗಿ ಮುಂದೆ ಸಾಗಿರುತ್ತಿದ್ದವು. ಕೆರೆ ಕಂಡಲ್ಲಿ ಮಾಮಾ ನಿಂತು ಹರಟೆ ಹೊಡೆದಿದ್ದಾನೆ ಎಂದರ್ಥ. "ಇವತ್ತ ಹೋಟೆಲಿಗಿ ಹೋಗಿಲ್ಲಕ್ಕಾ" ಎಂದು ಅವನು ನಮ್ಮ ಅವ್ವನಿಗೆ ಸುಳ್ಳು ಹೇಳುವಂತೆಯೇ ಇರಲಿಲ್ಲ. ಇಂಥ ಪ್ರಾಮಾಣಿಕ ಮನುಷ್ಯ ಕಲಬುರ್ಗಿಯಲ್ಲಿ ಇನ್ನೊಬ್ಬನಿದ್ದನೇ?

ಮಾಮಾ ಅಂದರೆ ಅವ್ವನ ತಮ್ಮ. ನನ್ನ ಅಪ್ಪ ನಾನು ಕೂಸಿದ್ದಾಗಲೇ ಹೋದರು. ಅವ್ವ ನನ್ನನ್ನು ಕಟ್ಟಿಕೊಂಡು ತಮ್ಮನ ಮನೆಗೆ ಬಂದಳು. ಮಾಮಾ ಮದುವೆ ಆಗಲಿಲ್ಲ. ಕೇಳಿದವರಿಗೆ, "ಮನ್ಯಾಗ ಇಬ್ಬರು ಹೆಣ್ಣಮಕ್ಕಳಿದ್ದಾರ, ಹೊರಗ ಒಂದು ಫಟಫಟಿ ಅದ. ಇನ್ನೊಬ್ಬಾಕಿ ಬಂದರ ಎಲ್ಲಿ ಕೂಡ್ರಸಲಿ?" ಎನ್ನುತ್ತಿದ್ದ.

ಫಟಫಟಿ ಎಂದರೆ ಮೋಟಾರ್ ಸೈಕಲ್ಲು. ಕಡಲಾಚೆಯಿಂದ ಬಂದದ್ದು, ದೂರ ಪ್ರಯಾಣಕ್ಕೆಂದೇ ಮಾಡಿದ್ದು. ಎರಡೂ ಬದಿಗೆ ಚರ್ಮದ ಚೀಲ, ಎಮ್ಮೆ ಮಲಗುವಷ್ಟು ಅಗಲದ ಸೀಟು. ಹೈದರಾಬಾದಿನ ಯಾರೋ ನವಾಬರ ಮಗ ಓಡಿಸಿ ಬೇಸತ್ತು ಬಿಟ್ಟದ್ದು ನಮ್ಮ ಮಾಮಾನ ಪಾಲಿಗೆ ಬಂತು. ದೇಶ ಸುತ್ತಬೇಕಾಗಿದ್ದ ಆ ಗಾಡಿಗೆ ಆಮೇಲೆ ಹತ್ತಿರದ ಮಹಾಗಾಂವ ದಾಟಿದರೆ ಅದೇ ವಿಲಾಯತಿ!

ಅದು ಮೊದಲಿಗೆ ಸೋರುತ್ತಿರಲಿಲ್ಲ. ರಜಾಕಾರರ ಗಲಾಟೆ ಜೋರಾದಾಗ, ಗಾಡಿ ಕಂಡರೆ ಒಯ್ಯುತ್ತಾರೆಂದು ಹೆದರಿ ಮಾಮಾ ಅದನ್ನು ತಾಜಸುಲ್ತಾನಪುರದ ಗೆಳೆಯನ ಹೊಲಕ್ಕೆ ತಳ್ಳಿಕೊಂಡು ಹೋಗಿ ಜೋಳದ ದಂಟಿನ ಬಣವೆಯಲ್ಲಿ ಹುಗಿದ. ನಿಲ್ಲಿಸಿದರೆ ಹ್ಯಾಂಡಲ್ಲು ಕೊಂಬಿನ ಹಾಗೆ ಹೊರಗೆ ಕಾಣುತ್ತದೆಂದು ಮಲಗಿಸಿದ.

"ಆ ಮಗ್ಗಲ ಮಲಗಸಬ್ಯಾಡೋ, ಗೇರ್ ಕಡ್ಡಿ ಕೆಳಗ ಬರ್ತಾದ" ಎಂದನಂತೆ ಗೆಳೆಯ.

"ಎಡಮಗ್ಗಲ ಮಲಗಿದರ ಉಂಡದ್ದು ಜೀರ್ಣ ಆಗ್ತಾದ, ನಿನಗೇನ್ ತಿಳೀತಾದ" ಎಂದನಂತೆ ಮಾಮಾ.

ಮಳೆಗಾಲ ಪೂರ್ತಿ ಆ ಗಾಡಿ ಅಷ್ಟು ದಂಟಿನ ಭಾರ ಹೊತ್ತು ಎಡಮಗ್ಗಲಾಗಿ ಜೀರ್ಣಿಸಿಕೊಳ್ಳುತ್ತ ಬಿದ್ದಿತ್ತು. ಆ ದಿನಗಳ ಬಗ್ಗೆ ನಾನು ನಗಲಾರೆ. ಮೊದಲು ಕೆಲವು ಮನೆಗಳಲ್ಲಿ ಅತ್ತರು, ಆಮೇಲೆ ಬೇರೆ ಮನೆಗಳಲ್ಲಿ ಅತ್ತರು. ನಗುವುದಿದ್ದರೆ ಬಣವೆಯ ಬಗ್ಗೆ ಮಾತ್ರ. ಪೊಲೀಸ್ ಆ್ಯಕ್ಷನ್ ಆಗಿ ಊರೆಲ್ಲ ಮಿಲಿಟರಿ ನೋಡಲು ಒಂದು ಕಡೆ ಓಡಿದರೆ, ಮಾಮಾ ಇನ್ನೊಂದು ಕಡೆ ಓಡಿ ದಂಟು ಕಿತ್ತು ಎಸೆಯುತ್ತಿದ್ದ. ಗಾಡಿ ಎದ್ದಿತು, ಗುಡುಗಿತು, ಮನೆಗೂ ಬಂತು. ಆದರೆ ಕಾಲಿನಿಂದ ಗೇರು ಹಾಕುವ ಕಡ್ಡಿ ಎಂಜಿನ್ನಿನ ಹೊಟ್ಟೆಯಿಂದ ಹೊರಬರುವ ಜಾಗದಲ್ಲಿ ಸಡಿಲಾಗಿ, ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಆ ಸಂದಿನಿಂದಲೇ ಎಣ್ಣೆ.

ಗಾಡಿ ರಿಪೇರಿಯ ಮಿಸ್ತ್ರಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದ. "ಶಾಫ್ಟ್ ಢೀಲಾ ಆಗ್ಯಾದ್ರಿ ಸಾಹೇಬ್ರ. ಅದನ್ನ ಬಿಗಿ ಹಿಡಿಯೋ ಒಳಗಿನ ಬುಶ್ ಸವದದ. ಪೂರಾ ಬಿಚ್ಚಿ ಹೊಸಾದು ಕೂಡ್ರಸಬೇಕು. ಸಾಮಾನು ಬಾಂಬೇದಿಂದ ಬರಬೇಕು."

"ಬಾಂಬೇದಿಂದ ಬರೋದ್ರಾಗ ನಮ್ಮ ಹುಡುಗಿಗಿ ಮೊಮ್ಮಕ್ಕಳು ಆಗ್ತಾವಲ್ಲೋ! ಮುಂದಿನ ಗುರುವಾರ ನಾ ಕಮಲಾಪುರಕ್ಕ ಹೋಗಬೇಕು."

ವಿಷಯ ಇದು. ಕಮಲಾಪುರದ ಒಂದು ಮನೆಯವರು ಬಂದು ನನ್ನನ್ನು ನೋಡಿ ಹೋಗಿದ್ದರು. ಇನ್ನು ನಮ್ಮವರು ಹೋಗಿ ಅವರ ಮನೆ ನೋಡಬೇಕು. ಅದು ಆದರೆ ಮಾತು ಮುಗಿದ ಹಾಗೆ. ಅಪ್ಪನಿಲ್ಲದ ಹುಡುಗಿ ಎಂದು ಅದಕ್ಕೆ ಮುಂಚೆ ಎರಡು ಕಡೆ ಮಾತು ಮುರಿದಿತ್ತು. ಮೂರನೆಯದೂ ಮುರಿದರೆ ಜನ ಅಪ್ಪನ ಮಾತು ಬಿಟ್ಟು ಹುಡುಗಿಯ ಮಾತೇ ಆಡುತ್ತಾರೆ ಎಂದು ಅವ್ವನಿಗೆ ನಿದ್ದೆ ಇರಲಿಲ್ಲ.

"ತಮ್ಮಾ, ನಿನ್ನ ಕಾಲಿಗಿ ಬೀಳ್ತೀನಿ, ಬಸ್ಸಿಗಿ ಹೋಗೂಣು" ಎಂದಳು.

"ಹುಡುಗಿ ಕಡಿ ಹಿರೇ ಮನುಷ್ಯಾ ಬಸ್ಸಿನ್ಯಾಗ ಕೋಳಿ ಬುಟ್ಟಿ ಮಗ್ಗಲ ಕುಂತು ಬಂದಾನ ಅಂದರ ಮರ್ಯಾದಿ ಏನುಳೀತಾದಕ್ಕಾ? ನೀ ಬಸ್ಸಿಗಿ ಬಾ. ನಾ ಫಟಫಟಿ ಮ್ಯಾಲ ಬರ್ತೀನಿ. ಸೋರೋದು ನಾ ನೋಡ್ಕೋತೀನಿ."

ನೋಡಿಕೊಂಡ! ಬುಧವಾರ ಬೆಳಿಗ್ಗೆ ಅರಗಿನ ಬಳೆ ಮಾಡುವ ಬಳೆಗಾರ್ತಿಯನ್ನು ಕರೆತಂದು ಅಂಗಳದಲ್ಲಿ ಕೂರಿಸಿದ. ಆಕೆ ಕೆಂಡದ ಮೇಲೆ ಅರಗು ಕಾಸಿ ಮೆತ್ತಗೆ ಮಾಡಿ, ಕೆಂಪಗೆ ಹೊಳೆಯುವ ಆ ಅರಗನ್ನು ಶಾಫ್ಟಿನ ಸುತ್ತ ಬಳೆಯ ಹಾಗೆ ಒತ್ತಿದಳು. ಓಣಿಯ ಹೆಂಗಸರೆಲ್ಲ ನೆರೆದರು. ನಾನು ಒಳಗೆ ಬಾಗಿಲ ಸಂದಿಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದೆ.

"ಹುಡುಗಿ ಲಗ್ನ ಇನ್ನಾ ಗೊತ್ತಾಗಿಲ್ಲ, ಇಂವ ಗಾಡಿಗಿ ಬಳಿ ಇಡಸ್ಲಾಕತ್ತಾನ!" ಎಂದು ಅವ್ವ ಹಣೆ ಬಡಿದುಕೊಂಡಳು.

"ಗಾಡೀದು ಮೊದಲ ಆಗಲಿ ಬಿಡ್ರಿ. ಅದೇ ದೊಡ್ಡಾಕಿ ಅಲ್ಲೇನು!" ಎಂದಳು ಪಕ್ಕದ ಮನೆಯಾಕೆ. ನಾನು ಭೂಮಿ ಬಿರಿಯಲಿ ಎಂದು ಕಾದೆ. ಕಲಬುರ್ಗಿಯ ಭೂಮಿ ಕರಿ ಕಲ್ಲಿನದು, ಬಿರಿಯಲಿಲ್ಲ.

ಮರುದಿನ ಹೊರಡುವ ತನಕ ಒಂದು ಹನಿಯೂ ಬೀಳಲಿಲ್ಲ. ಮಾಮಾ ಬಿಳಿ ಧೋತರ ಉಟ್ಟು, ಬಿಳಿ ಅಂಗಿ ತೊಟ್ಟು, ರುಮಾಲು ಸುತ್ತಿ, ಗಾಡಿಯ ಕೆಳಗೆ ಬಗ್ಗಿ ನೋಡಿ, ಗೆದ್ದವನ ಹಾಗೆ ಮೀಸೆ ತೀಡಿದ. ಎಂಜಿನ್ನು ಕಾಯುತ್ತದೆ, ಕಾದರೆ ಅರಗು ಕರಗುತ್ತದೆ ಎಂಬುದು ಕಮಲಾಪುರಕ್ಕೆ ಹೊರಟವನಿಗೂ ತಿಳಿಯಲಿಲ್ಲ, ಕಳಿಸಿದವರಿಗೂ ತಿಳಿಯಲಿಲ್ಲ! ಮಹಾಗಾಂವ ಬರುವ ಹೊತ್ತಿಗೆ ಬಳೆ ಕಳಚಿತ್ತು.

ಮುಂದಿನದು ಅವ್ವ ಹೇಳಿದ್ದು. ಬೀಗರ ಅಂಗಳ ಸೆಗಣಿಯಿಂದ ಸಾರಿಸಿ, ರಂಗೋಲಿ ಹಾಕಿ ಕನ್ನಡಿಯ ಹಾಗಿತ್ತಂತೆ. ಅವ್ವ ಮೊದಲೇ ಬಸ್ಸಿನಲ್ಲಿ ಬಂದು ಕೂತಿದ್ದಳು. ಫಟಫಟ ಸದ್ದು ಕೇಳಿ ಎಲ್ಲರೂ ಹೊರಗೆ ಬಂದರು. ಎಡಗಾಲು ಮೊಣಕಾಲಿನವರೆಗೆ ಕರಿ, ಬಲಗಾಲು ಬಿಳಿ, ಹೀಗೆ ಮಾಮಾ ಇಳಿದ. ನಮಸ್ಕಾರಕ್ಕೂ ಮೊದಲು ಅವನು ಹೇಳಿದ್ದು, "ಲಗೂನ ಒಂದು ಅಗಲನ ತಾಟು ಕೊಡ್ರಿ!"

ಪಾಪ, ದೂರದಿಂದ ಹಸಿದು ಬಂದಿದ್ದಾರೆ ಎಂದುಕೊಂಡು ಹುಡುಗನ ತಾಯಿ ಹಿತ್ತಾಳೆಯ ತಾಟಿನಲ್ಲಿ ಚುರುಮುರಿಯ ಸುಸಲಾ ಹಾಕಿ, ಪಕ್ಕಕ್ಕೆ ಎರಡು ಕೆಂಪು ಬಾಳೆಹಣ್ಣು ಇಟ್ಟು ತಂದರು. ಮಾಮಾ ಸುಸಲಾವನ್ನೂ ಹಣ್ಣನ್ನೂ ರುಮಾಲಿಗೆ ಸುರಿದುಕೊಂಡ. ತಾಟನ್ನು ಫಟಫಟಿಯ ಕೆಳಗೆ ಇಟ್ಟ!

ಟಪ್, ಟಪ್ ಎಂದು ಹನಿಗಳು ತಾಟಿನೊಳಗೆ ಬೀಳತೊಡಗಿದವು.

ಹುಡುಗನ ತಾಯಿ ಮೆಲ್ಲಗೆ ಕೇಳಿದರಂತೆ, "ಹುಡುಗಿಗೂ ಹಿಂಗ ಸೋರೋ ಚಾಳಿ ಅದ ಏನ್ರಿ?"

"ಇಲ್ರೀ ಬೀಗತಿಯವರ, ಹುಡುಗಿ ನಮ್ಮ ಅಕ್ಕನ ಕೈಯಾಗ ಬೆಳೆದದ್ದು, ಒಂದು ಹನಿ ಚೆಲ್ಲಂಗಿಲ್ಲ. ಸೋರೋದೆಲ್ಲ ನನ್ನ ಕೈಯಾಗ ಬೆಳೆದದ್ದು."

ಹುಡುಗನ ತಂದೆ ನಕ್ಕುಬಿಟ್ಟರು. ನಕ್ಕು ನಕ್ಕು ಕೆಮ್ಮು ಬಂದು ನೀರು ತರಿಸಬೇಕಾಯಿತಂತೆ. ಮಾತು ಮುರಿಯಲಿಲ್ಲ. ನಾನು ಕಮಲಾಪುರದ ಸೊಸೆಯಾದೆ. ಆದರೆ ಆ ಮನೆಯಲ್ಲಿ ಮಾಮಾನಿಗೆ "ತಾಟಿನ ಬೀಗರು" ಎಂಬ ಹೆಸರು ಬಿತ್ತು. ಹಬ್ಬಕ್ಕೆ ಬಂದ ನೆಂಟರಿಗೆಲ್ಲ ಅತ್ತೆ ಆ ಕತೆ ಹೇಳುವರು. ಎಲ್ಲರೂ ನಗುವರು. ನಾನು ತಲೆ ಬಗ್ಗಿಸಿ ಎಲೆ ಹಾಕುತ್ತಿದ್ದೆ.

ಮದುವೆಯ ನಂತರ ಮಾಮಾ ನನ್ನನ್ನು ನೋಡಲು ಆಗಾಗ ಬರುತ್ತಿದ್ದ. ಮನೆ ಬಾಗಿಲಿಗೆ ಮಾತ್ರ ನಡೆದೇ ಬರುತ್ತಿದ್ದ. "ಗಾಡಿ ಎಲ್ಲಿ ಮಾಮಾ?" ಎಂದರೆ ಒಮ್ಮೆ "ಮಿಸ್ತ್ರಿ ಕಡೆ ಅದ", ಒಮ್ಮೆ "ಪೆಟ್ರೋಲ್ ಸಿಗಲಿಲ್ಲ, ಬಸ್ಸಿಗಿ ಬಂದೆ". ಬಸ್ಸಿಗೆ! ಕೋಳಿ ಬುಟ್ಟಿಯ ಪಕ್ಕ! ನನಗೆ ಆಗಲೇ ಅನುಮಾನ ಬರಬೇಕಿತ್ತು. ಅಷ್ಟರಲ್ಲಿ ಬಾಂಬೇದಿಂದ ಬುಶ್ ಬಂತು, ಅದು ಬೇರೆ ಗಾಡಿಯದು. ಮಾಮಾ ಹಿತ್ತಾಳೆಯಲ್ಲಿ ಒಂದು ಮಾಡಿಸಿದ, ಮಿಸ್ತ್ರಿಯೇ "ಚಲೋ ಕೂತದ" ಎಂದ. ಮರುದಿನ ಮತ್ತೆ ಹನಿ. ಈಗ ಹೈದರಾಬಾದ್ ರಾಜ್ಯ ಒಡೆದು ಕನ್ನಡದವರನ್ನೆಲ್ಲ ಒಂದು ಕಡೆ ಸೇರಿಸುತ್ತಾರಂತೆ. ರಾಜ್ಯಗಳೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಮಾಮಾನ ಶಾಫ್ಟು ಮಾತ್ರ ತನ್ನ ತೂತಿಗೆ ಕೂಡಲಿಲ್ಲ!

ಈ ಚಳಿಗಾಲದಲ್ಲಿ ಮಾಮಾ ತೀರಿಕೊಂಡ. ಕಲಬುರ್ಗಿಗೆ ಹೊರಟ ನಾನು ಕಮಲಾಪುರದ ಹೊರಗಿನ ಬೇವಿನ ಮರದ ಕೆಳಗೆ ಬಸ್ಸಿಗೆ ನಿಂತಿದ್ದೆ. ಕಾಲ ಕೆಳಗೆ ನೆಲ ಕರ್ರಗಿತ್ತು. ಬಗ್ಗಿ ಮುಟ್ಟಿದೆ. ಎಣ್ಣೆ. ಒಂದು ದಿನದ್ದಲ್ಲ.

ಅಲ್ಲಿ ಬಾಳೆಹಣ್ಣು ಮಾರುವ ಮುದುಕಿ ನನ್ನ ಮುಖ ನೋಡಿ ಹೇಳಿದಳು, "ನಿಮ್ಮ ಮಾಮಾ ಇಲ್ಲೇ ನಿಲ್ಲಸ್ತಿದ್ರವ್ವಾ ಗಾಡಿ. ಕಾಲು ತೊಳಕೊಂಡು, ಚೀಲದಾಗಿನ ಬ್ಯಾರೆ ಧೋತರ ಉಟ್ಕೊಂಡು ನಡಕೋತ ಹೋಗ್ತಿದ್ರು. ಊರಾಗ ಯಾಕ ಒಯ್ಯಂಗಿಲ್ರಿ ಅಂತ ಕೇಳಿದರ, 'ಅದು ನಮ್ಮ ಹುಡುಗಿ ಸಾರಿಸಿದ ಅಂಗಳ' ಅಂತಿದ್ರು."

ಬಸ್ಸು ಬಂತು. ನಾನು ಹತ್ತಲು ತಡವಾಯಿತು.

ದಿನಕರ್ಮ ಮುಗಿಸಿ ಮರಳಿ ಬಂದ ಮೇಲೆ ಅತ್ತೆಗೆ ಇದನ್ನು ಹೇಳಿದೆ. ತಾಟಿನ ಕತೆಯನ್ನು ಅವರು ಆಮೇಲೆ ನೆಂಟರಿಗೆ ಹೇಳಲಿಲ್ಲ.

ಈಗ ಅಂಗಳ ಸಾರಿಸುವಾಗ ಬಾಗಿಲ ಹತ್ತಿರ ಒಂದು ಫಟಫಟಿ ನಿಲ್ಲುವಷ್ಟು ಜಾಗ ಸಾರಿಸದೆ ಬಿಡುತ್ತೇನೆ. ಅಷ್ಟು ಅಚ್ಚುಕಟ್ಟಿನ ನಮ್ಮ ಅತ್ತೆ ಅದನ್ನು ದಿನವೂ ನೋಡುತ್ತಾರೆ, ಸುಮ್ಮನೆ ಸುತ್ತಿಕೊಂಡು ಹೋಗುತ್ತಾರೆ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ, ಆ ಜಾಗದಲ್ಲಿ ಅದೇ ಹಿತ್ತಾಳೆಯ ತಾಟು ಇತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದರು.